ಬೀಳದ ಹೊಕ್ಕುಳು

ಸುನಂದಾಳ ಬಲತೋಳಿಗೆ ಕಟ್ಟಿದ್ದ ಪಟ್ಟಿ ನಿಮಿಷಕ್ಕೊಮ್ಮೆ ಹಸಿರು ಚುಕ್ಕೆ ಹೊತ್ತಿಸಿ ಆರಿಸುತ್ತಿತ್ತು. ಎರಡು ಬೆರಳಗಲದ, ಬೂದು ಬಣ್ಣದ, ರಬ್ಬರಿನಷ್ಟು ಮೆತ್ತಗಿನ ಪಟ್ಟಿ. ಅದರ ಒಳಮೈಗೆ ಕೂದಲಿಗಿಂತ ಸಣ್ಣ ಸೂಜಿಗಳು ಸಾವಿರವಿದ್ದವು. ಅವು ಚುಚ್ಚುವುದು ಕಟ್ಟಿಕೊಂಡವರಿಗೆ ಗೊತ್ತೇ ಆಗುತ್ತಿರಲಿಲ್ಲ. ಪಟ್ಟಿಯ ಹೆಸರು ಶಮಕ.

ಬಾಳವ್ವ ಬಂದದ್ದು ಪಟ್ಟಿ ನೋಡಲಿಕ್ಕಲ್ಲ. ಧಾರವಾಡದ ಕಾಮನಕಟ್ಟಿಯ ಕಸ್ತೂರೆವ್ವ, ಬಸುರಿ ಮಗಳು ತವರಿಗೆ ಬಂದಿದ್ದಾಳೆ, ಕೂಸಿಗೆ ಎರೆಯಲು ಈಗಲೇ ಹೇಳಿಡಬೇಕು ಎಂದು ಕರೆಸಿದ್ದಳು. ಹಸುಗೂಸುಗಳಿಗೆ ಎರೆಯುವುದು ಬಾಳವ್ವನ ಕಸುಬು. ನಲವತ್ತಾರು ವರ್ಷ ಈ ಊರಿನ ಓಣಿ ಓಣಿ ತಿರುಗಿ, ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಮಗು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕಿದವಳು. ಚಾಲಕರಿಲ್ಲದ ರಿಕ್ಷಾ ಬಂದವು, ಅಡುಗೆಮನೆಯಲ್ಲಿ ತಾನಾಗಿ ಹಿಟ್ಟು ನಾದುವ ಯಂತ್ರ ಬಂತು, ಆದರೆ ಹಸುಗೂಸಿಗೆ ಎರೆಯುವ ಯಂತ್ರ ಮಾತ್ರ ಯಾರೂ ಮಾಡಲಿಲ್ಲ. ಮಾಡಿದರೂ ಅದರ ಕೈಗೆ ಮಗು ಕೊಡುವ ಧೈರ್ಯ ಧಾರವಾಡದ ಅಜ್ಜಿಯರಿಗೆ ಇರಲಿಲ್ಲ.

"ಇದೇನವಾ, ತಾಯಿತ ಕಟ್ಟಿಕೊಂಡಂಗ ಕಟ್ಟಿಕೊಂಡೀದಿ?" ಎಂದು ಬಾಳವ್ವ ಕೇಳಿದಳು.

"ಕಲೆ ಆಗದಂಗ ನೋಡಿಕೊಳ್ಳತೈತಿ ಆಯಿ," ಎಂದು ಸುನಂದಾ ಬಲಗೈ ತೆರೆದು ತೋರಿಸಿದಳು.

ಐದನೆಯ ತಿಂಗಳಲ್ಲಿ ಚಕ್ಕುಲಿ ಕರಿಯುವಾಗ ಬಾಣಲೆ ವಾಲಿ ಕಾದ ಎಣ್ಣೆ ಆ ಕೈಯ ಮೇಲೆ ಸುರಿದಿತ್ತು. ಹೆಬ್ಬೆರಳು, ತೋರುಬೆರಳು, ಅವೆರಡರ ನಡುವಿನ ಚರ್ಮ ಎಲ್ಲ ಬೆಂದುಹೋಗಿತ್ತು. ಸುನಂದಾ ಕಸೂತಿಯವಳು. ಇಳಕಲ್ಲ ಸೀರೆಯ ಸೆರಗಿಗೆ ಅವಳು ಹಾಕಿದ ಗೋಪುರ, ಆನೆ, ತುಳಸಿಕಟ್ಟೆಗಳನ್ನು ಹುಡುಕಿಕೊಂಡು ಪುಣೆಯಿಂದ ಜನ ಬರುತ್ತಿದ್ದರು. ಸೂಜಿ ಹಿಡಿಯುವುದು ಆ ಎರಡು ಬೆರಳಲ್ಲೇ. ಸುಟ್ಟಗಾಯ ತನ್ನ ಪಾಡಿಗೆ ಮಾಯ್ದಿದ್ದರೆ ಚರ್ಮ ಸುಕ್ಕುಗಟ್ಟಿ ಹೆಬ್ಬೆರಳನ್ನು ಅಂಗೈಗೆ ಎಳೆದುಕೊಂಡು ಕೂರುತ್ತಿತ್ತು, ಆಮೇಲೆ ಅವಳು ಸೂಜಿ ಹಿಡಿಯುವ ಮಾತೇ ಇರಲಿಲ್ಲ. ಈಗ ಆರು ವಾರಕ್ಕೆ ಅಲ್ಲಿ ಬಂದಿದ್ದ ಹೊಸ ಚರ್ಮ ತೆಳುವಾಗಿ, ಗುಲಾಬಿಯಾಗಿ, ಮೆತ್ತಗೆ ಇತ್ತು.

ಈ ವಿದ್ಯೆಯ ಹಿಂದಿನ ಕತೆ ಹೀಗಿದೆ. ಗಾಯವಾದೊಡನೆ ಮೊದಲು ಓಡಿಬರುವವು ಬಿಳಿರಕ್ತಕಣಗಳು. ರೋಗಾಣುಗಳೊಡನೆ ಹೊಡೆದಾಡಿ ಅವು ಅಲ್ಲೇ ಸಾಯುತ್ತವೆ. ಕೀವು ಎಂದು ನಾವು ಮೂಗು ಮುರಿದು ಒರೆಸಿ ಎಸೆಯುವುದು ಬಹುಪಾಲು ಅವುಗಳ ಹೆಣಗಳನ್ನೇ. ಅವುಗಳ ಬೆನ್ನಿಗೆ ಭಕ್ಷಕ ಕೋಶಗಳು ಬರುತ್ತವೆ. ಸತ್ತದ್ದು, ಕೆಟ್ಟದ್ದನ್ನೆಲ್ಲ ನುಂಗಿ ಜಾಗ ಚೊಕ್ಕಟ ಮಾಡುವುದು ಇವುಗಳ ಕೆಲಸ. ಅಷ್ಟಕ್ಕೆ ಸುಮ್ಮನಾಗುವ ಜಾತಿಯಲ್ಲ ಇವು. ನುಂಗಿ ಮುಗಿದ ಮೇಲೆ ಮೇಸ್ತ್ರಿಕೆಗೆ ನಿಲ್ಲುತ್ತವೆ. ಪಕ್ಕದ ನಾರುಕೋಶಗಳಿಗೆ ‘ಮುಚ್ಚಿ, ಬೇಗ ಮುಚ್ಚಿ’ ಎಂದು ರಾಸಾಯನಿಕ ಸಂದೇಶದ ಮೇಲೆ ಸಂದೇಶ ಕಳಿಸುತ್ತವೆ. ನಾರುಕೋಶಗಳು ಗಾಬರಿಬಿದ್ದು ಕೊಲಾಜೆನ್ ಎಂಬ ನಾರನ್ನು ಅಡ್ಡಾದಿಡ್ಡಿ ಸುರಿದು ತೇಪೆ ಹಾಕುತ್ತವೆ. ಆ ತೇಪೆಯೇ ಕಲೆ. ಚರ್ಮದ ಮೇಲಾದರೆ ಅದು ಬರಿ ಕಲೆ. ಶ್ವಾಸಕೋಶದಲ್ಲಿ, ಯಕೃತ್ತಿನಲ್ಲಿ, ಹೃದಯದಲ್ಲಿ ಆದರೆ ಪ್ರಾಣಕ್ಕೇ ಸಂಚಕಾರ.

ತಾಯಿಯ ಹೊಟ್ಟೆಯೊಳಗಿನ ಎಳೆ ಭ್ರೂಣಕ್ಕೆ ಗಾಯವಾದರೆ ಮಾತ್ರ ಕಲೆ ಉಳಿಯುವುದಿಲ್ಲ. ಅಲ್ಲಿನ ಭಕ್ಷಕ ಕೋಶಗಳಿಗೆ ಇನ್ನೂ ಈ ಅವಸರ ಅಂಟಿರುವುದಿಲ್ಲ, ನಾರು ನಿಧಾನಕ್ಕೆ, ಮೊದಲಿದ್ದ ಹಾಗೆಯೇ ಕೂಡಿಕೊಳ್ಳುತ್ತದೆ. ಊರಿನ ಗಾಯ ಸಂಶೋಧನಾ ಕೇಂದ್ರದ ಡಾಕ್ಟರ್ ಅನಿರುದ್ಧ ಕಟ್ಟಿ ಹದಿನೈದು ವರ್ಷ ತಲೆ ಕೆಡಿಸಿಕೊಂಡದ್ದು ಇದಕ್ಕೇ. ದೊಡ್ಡವರ ಭಕ್ಷಕ ಕೋಶಗಳಿಗೆ ಭ್ರೂಣದ ಆ ನಿಧಾನವನ್ನು ಕಲಿಸಲಾಗುವುದೇ ಎಂಬುದು ಅವರ ಪ್ರಶ್ನೆ. ಶಮಕ ಆ ಪ್ರಶ್ನೆಗೆ ಉತ್ತರ. ಪಟ್ಟಿಯ ಕೆಳಗೆ ಹರಿದುಹೋಗುವ ರಕ್ತದಲ್ಲಿನ ಕೋಶಗಳಿಗೆ ಅದು ಸಣ್ಣ ಸಣ್ಣ ಸಂಕೇತ ಕೊಟ್ಟು ಸಮಾಧಾನ ಕಲಿಸುತ್ತಿತ್ತು. ಕಲಿತ ಕೋಶ ಹತ್ತಕ್ಕೆ ಕಲಿಸುತ್ತಿತ್ತು. ಔಷಧವಿಲ್ಲ, ಮಾತ್ರೆಯಿಲ್ಲ, ಹಾಗಾಗಿ ಬಸುರಿಯರಿಗೂ ಅಡ್ಡಿಯಿಲ್ಲ ಎಂದು ತಜ್ಞರ ಸಮಿತಿ ಒಪ್ಪಿಗೆ ಕೊಟ್ಟಿತ್ತು.

ಹೆರಿಗೆಗೆ ತಿಂಗಳಿರುವಾಗ ಪಟ್ಟಿ ಬಿಚ್ಚಿದರು. ಯಾವ ಕೈ ಸುಟ್ಟಿತ್ತೆಂದು ಕೇಳಿ ತಿಳಿಯಬೇಕು, ಹಾಗಿತ್ತು ಕೈ. ಓಣಿಯ ಹೆಂಗಸರೆಲ್ಲ ಬಂದು ಅಂಗೈ ತಿರುಗಿಸಿ ತಿರುಗಿಸಿ ನೋಡಿದರು. ಸುನಂದಾ ನಗುನಗುತ್ತ ಎಲ್ಲರಿಗೂ ಕೈ ಕೊಟ್ಟಳು. ಅದೇ ವಾರ ಕೂಸಿನ ತಲೆಗೆಂದು ಒಂದು ಕುಲಾವಿಗೆ ಗವಂತಿ ಹೊಲಿಗೆಯಲ್ಲಿ ಸಾಲು ಕಮಲ ಹಾಕಿದಳು.

ಹೆಣ್ಣು ಮಗು ಹುಟ್ಟಿತು. ತೂಕ ಸರಿಯಿತ್ತು, ಅಳು ಜೋರಿತ್ತು, ಮೊದಲ ದಿನವೇ ಹಾಲು ಕಚ್ಚಿ ಕುಡಿಯಿತು. ನಾಲ್ಕನೆಯ ದಿನ ಮನೆಗೆ ಬಂದಾಗ ಬಾಳವ್ವ ಕೆಲಸಕ್ಕೆ ಹತ್ತಿದಳು.

ಅವಳದೊಂದು ಕಟ್ಟುನಿಟ್ಟು. ಹೊಕ್ಕುಳು ಬೀಳುವ ತನಕ ಮಗುವಿಗೆ ನೀರು ಹೊಯ್ಯುವುದಿಲ್ಲ. ಕೊಯ್ದ ಬಳ್ಳಿಯ ತುಂಡು ಒಣಗಿ ಉದುರುವವರೆಗೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಮೈ ಒರೆಸುವುದಷ್ಟೇ. ಅದಕ್ಕೆ ಏನನ್ನೂ ಹಚ್ಚುವುದಿಲ್ಲ, ಯಾರಿಗೂ ಹಚ್ಚಗೊಡುವುದಿಲ್ಲ. ಹಳೆಯ ಕಾಲದ ಮುದುಕಿಯರು ಬೂದಿ ತಂದರೆ ಅವರ ಕೈಗೆ ಹೊಡೆದಾಳು. ಏಳು ದಿನಕ್ಕೋ ಎಂಟಕ್ಕೋ ಹತ್ತಕ್ಕೋ ತುಂಡು ಬಿದ್ದ ಮೇಲೆಯೇ ಮಗುವನ್ನು ಕಾಲ ಮೇಲೆ ಹಾಕಿಕೊಂಡು ನಿಜವಾಗಿ ಎರೆಯುವುದು. ತಾನು ಎರೆದ ಮಕ್ಕಳನ್ನು ಅವಳು ನೆನಪಿಡುತ್ತಿದ್ದುದೂ ಹಾಗೆಯೇ. ಮುಖ ಮರೆತುಹೋಗುತ್ತಿತ್ತು, ಹೆಸರು ಮರೆತುಹೋಗುತ್ತಿತ್ತು. ಯಾವ ಮನೆಯ ಮಗುವಿನ ಹೊಕ್ಕುಳು ಎಷ್ಟನೆಯ ದಿನ ಬಿತ್ತೆಂಬುದು ಮಾತ್ರ ಮರೆಯುತ್ತಿರಲಿಲ್ಲ.

ಸುನಂದಾಳ ಮಗುವಿನದು ಹತ್ತಕ್ಕೆ ಬೀಳಲಿಲ್ಲ. ಹದಿಮೂರಕ್ಕೆ ತೊಟ್ಟಿಲಿಗೆ ಹಾಕಿ ಹೆಸರಿಡಬೇಕಿತ್ತು. ಹೊಕ್ಕುಳು ಬೀಳದ ಮಗುವಿಗೆ ಏನು ತೊಟ್ಟಿಲು ಎಂದು ಕಸ್ತೂರೆವ್ವ ಕಾರ್ಯ ಮುಂದೆ ಹಾಕಿದಳು. ಹದಿನಾರು ದಾಟಿತು. ತುಂಡು ಕಪ್ಪಾಗಿ, ಗಟ್ಟಿಯಾಗಿ, ಬುಡದಲ್ಲಿ ಮಾತ್ರ ಹಸಿಯಾಗಿ ಅಂಟಿಕೊಂಡೇ ಇತ್ತು.

ಹತ್ತೊಂಬತ್ತನೆಯ ದಿನ ಬೆಳಗ್ಗೆ ಬಟ್ಟೆ ಬಿಚ್ಚಿದ ಬಾಳವ್ವ ಬಗ್ಗಿ ನೋಡಿದಳು. ಬುಡದ ಸುತ್ತ ರೂಪಾಯಿಯಗಲ ಕೆಂಪಾಗಿತ್ತು. ಕೈಯಿಟ್ಟರೆ ಮೈ ಬಿಸಿ.

"ಕೀವು ಆಗಿಲ್ಲ ಅಲ್ಲಾ ಆಯಿ?" ಎಂದು ಸುನಂದಾ ಕೇಳಿದಳು.

"ಆಗಿಲ್ಲವಾ."

"ಹಂಗಾರ ಛಲೋನ ಆತಲ್ಲ."

ಬಾಳವ್ವ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು. ಅವಳಿಗೆ ಹೆದರಿಕೆಯಾಗಿದ್ದೇ ಕೀವು ಇಲ್ಲದ್ದಕ್ಕೆ.

ಆಸ್ಪತ್ರೆಯಲ್ಲಿ ಮಗುವನ್ನು ಸೇರಿಸಿಕೊಂಡು ಸೂಜಿಮದ್ದು ಶುರು ಮಾಡಿದರು. ನರ್ಸಮ್ಮ ಹೊಕ್ಕುಳು ನೋಡಿದವಳೇ ಬಾಳವ್ವನ ಕಡೆ ತಿರುಗಿದಳು. "ಏನ ಹಚ್ಚೀರಿ ಅಜ್ಜಿ ಇದಕ್ಕ? ಎಣ್ಣಿ? ಬೂದಿ?"

"ಏನೂ ಹಚ್ಚಿಲ್ರೀ."

"ಎಲ್ಲಾರೂ ಹಂಗ ಅಂತಾರ," ಎಂದು ನರ್ಸಮ್ಮ ಕಾಗದದಲ್ಲಿ ಏನೋ ಬರೆದುಕೊಂಡಳು. ಹೊರಗೆ ಬಂದ ಮೇಲೆ ಕಸ್ತೂರೆವ್ವ, ಮಗು ಮನೆಗೆ ಬಂದರೂ ಎರಡು ದಿನ ಬರುವುದು ಬೇಡ, ನಾವೇ ಹೇಳಿ ಕಳಿಸುತ್ತೇವೆ ಎಂದಳು. ನಲವತ್ತಾರು ವರ್ಷದಲ್ಲಿ ಬಾಳವ್ವನಿಗೆ ಯಾವ ಮನೆಯವರೂ ಬರಬೇಡ ಎಂದಿರಲಿಲ್ಲ. ಅವಮಾನಕ್ಕಿಂತ ಹೆಚ್ಚಾಗಿ, ಈ ಜನ ತನ್ನ ಕೈ ಮೇಲೆ ತಪ್ಪು ಹೊರಿಸಿ ನಿಶ್ಚಿಂತರಾಗಿಬಿಟ್ಟರೆ ಮಗುವಿನ ಗತಿ ಏನು ಎಂಬ ಚಿಂತೆ ಕಾಡಿತು.

ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು ಯೋಚಿಸಿದಳು. ಈ ವರ್ಷದ ತನಕ ಅತಿ ತಡವಾದದ್ದು ಹೊಸಯಲ್ಲಾಪುರದ ಅವಳಿಗಳದು, ಹದಿನೆಂಟು ದಿನ. ಇಪ್ಪತ್ತು ದಾಟಿದ್ದು ಒಂದೇ ಒಂದು, ಅದೂ ಎರಡು ತಿಂಗಳ ಹಿಂದೆಯಷ್ಟೇ. ಮದಿಹಾಳದ ಮಗುವಿನದು ಇಪ್ಪತ್ನಾಲ್ಕಕ್ಕೆ ಬಿದ್ದಿತ್ತು. ಆ ಮಗುವಿನ ತಾಯಿಗೆ ಬಸುರಿಯಿದ್ದಾಗ ಹೊಟ್ಟೆ ಕೊಯ್ದು ಅಪೆಂಡಿಕ್ಸ್ ತೆಗೆದಿದ್ದರು. ಅವಳ ತೋಳಿನ ಮೇಲೆ ಬೂದು ಬಣ್ಣದ ಪಟ್ಟಿ ಇದ್ದದ್ದು ಬಾಳವ್ವನಿಗೆ ಈಗ ನೆನಪಾಯಿತು. ಅಲ್ಲೂ ಹಸಿರು ಚುಕ್ಕೆ ಹೊತ್ತಿ ಆರುತ್ತಿತ್ತು.

ಮರುದಿನ ಬೆಳಗ್ಗೆ ಅವಳು ಗಾಯ ಸಂಶೋಧನಾ ಕೇಂದ್ರದ ಬಾಗಿಲಲ್ಲಿದ್ದಳು. ದೊಡ್ಡ ಡಾಕ್ಟರು ಹಾಗೆಲ್ಲ ಸಿಗುವುದಿಲ್ಲ ಎಂದರು. ಅವಳು ಚೀಲದಿಂದ ಎಲೆ ಅಡಿಕೆ ತೆಗೆದು ಮೆಟ್ಟಿಲ ಮೇಲೆ ಕೂತಳು. ಹನ್ನೊಂದಕ್ಕೆ ಡಾಕ್ಟರ್ ಕಟ್ಟಿಯವರೇ ಚಹಾದ ಲೋಟ ಹಿಡಿದು ಹೊರಗೆ ಬಂದರು. ನಲವತ್ತರ ಮೇಲಿನ, ಕನ್ನಡಕದ, ಸೌಮ್ಯ ಮುಖದ ಮನುಷ್ಯ.

"ಸಾಹೇಬ್ರ, ನಿಮ್ಮ ಪಟ್ಟಿ ಕಟ್ಟಿಕೊಂಡವರ ಕೂಸಿನ ಹೊಕ್ಕಳಾ ಬೀಳವಲ್ದು," ಎಂದಳು ಬಾಳವ್ವ, ಪೀಠಿಕೆ ಇಲ್ಲದೆ.

ಕಟ್ಟಿಯವರು ತಾಳ್ಮೆಯಿಂದ ಕೇಳಿಸಿಕೊಂಡರು. ತಾಳ್ಮೆಯಿಂದಲೇ ತಲೆಯಾಡಿಸಿದರು. "ಹಂಗ ಆಗೂದಿಲ್ಲ ಅಜ್ಜಿ. ಪಟ್ಟಿ ಕೊಡೋ ಸಂಕೇತ ತಾಯಿ ಮೈಯಾಗ ಅಷ್ಟ ಇರತದ. ತಾಯಿ-ಕೂಸಿನ ನಡುವಿನ ಮಾಸು ದಾಟಿ ಕೂಸಿನ ಕಡೆ ಹೋಗೂದಿಲ್ಲ. ನಾವು ಎಲ್ಲಾ ಪರೀಕ್ಷಾ ಮಾಡೇವಿ."

"ಕೂಸಿನ್ನ ನೋಡಿದ್ರೇನ್ರೀ?"

"ಹುಟ್ಟಿದಾಗ ತೂಕ, ಎದಿಬಡಿತ ಎಲ್ಲಾ ನೋಡಿರತಾರ. ಆಮ್ಯಾಲಿಂದು ಮಕ್ಕಳ ವಿಭಾಗದವರ ಕೆಲಸ."

"ಅಂದ್ರ ನಿಮ್ಮ ಕಾಗದದಾಗ ತಾಯಿ ಇದ್ದಾಳ, ಅವರ ಕಾಗದದಾಗ ಕೂಸು ಐತಿ. ಎರಡೂ ಕೂಡೇ ನೋಡೂದು ನನ್ನಂಥಾಕಿ ಒಬ್ಬಾಕಿನ." ಬಾಳವ್ವ ಅವರ ಮುಖವನ್ನೇ ದಿಟ್ಟಿಸಿದಳು. "ನೀ ಮಾಳಮಡ್ಡಿ ಕಟ್ಟಿ ಮಾಸ್ತರ ಮಗಾ ಅಲ್ಲೇನು? ಎರಡನೇದಾಂವ?"

"ಹೌದು," ಎಂದರು ಡಾಕ್ಟರು, ಸ್ವಲ್ಪ ಗಲಿಬಿಲಿಯಾಗಿ.

"ನಿನಗ ನಾನ ಎರದೇನಿ ತಮ್ಮಾ. ನಿನ್ನ ಹೊಕ್ಕಳಾ ಏಳನೇ ದಿನಾ ಬಿತ್ತು. ನಿಮ್ಮಣ್ಣಂದು ಒಂಬತ್ತಕ್ಕ. ನನ್ನ ಲೆಕ್ಕ ತಪ್ಪೂದಿಲ್ಲ. ಈಗ ನಾ ಹೇಳೂದು ಕೇಳು. ಆ ಕೂಸಿಗೆ ಜ್ವರಾ ಐತಿ, ಸುತ್ತಲೂ ಕೆಂಪಾಗೇತಿ, ಕೀವು ಮಾತ್ರ ಇಲ್ಲ. ಒಂದು ಹನಿ ಇಲ್ಲ. ಕೆಟ್ಟ ನಾರೂ ಹೊಕ್ಕಳಾ ನಾ ಬೇಕಾದಷ್ಟು ನೋಡೇನಿ. ಜ್ವರಾ ಬಂದು ಕೀವು ಬರಲಾರದ್ದು ಇದ ಮೊದಲ."

ಡಾಕ್ಟರರು ಲೋಟವನ್ನು ಮೆಟ್ಟಿಲ ಮೇಲಿಟ್ಟರು. ಚಹಾ ಅಲ್ಲೇ ಆರಿತು.

ಕೀವಿಲ್ಲವೆಂದರೆ ಬಿಳಿರಕ್ತಕಣಗಳು ಅಲ್ಲಿಗೆ ಬಂದೇ ಇಲ್ಲ. ಅದು ಅವರಿಗೆ ಹೊಳೆಯಲು ಗಳಿಗೆ ಸಾಕಾಯಿತು, ನಂಬಲು ಎರಡು ದಿನ ಬೇಕಾಯಿತು. ಮಗುವಿನ ರಕ್ತ ತರಿಸಿ ನೋಡಿದರು. ಕಣಗಳಿಗೆ ಕೊರತೆಯಿರಲಿಲ್ಲ, ರಕ್ತದ ತುಂಬ ಓಡಾಡಿಕೊಂಡಿದ್ದವು. ಹೊಕ್ಕುಳಿನ ಕಡೆ ಹೊರಳಬೇಕೆಂಬ ಅವಸರ ಒಂದಕ್ಕೂ ಇರಲಿಲ್ಲ. ಆ ರಕ್ತದಲ್ಲಿ ಹುಡುಕುತ್ತ ಹೋದರೆ, ಮಗುವಿನದಲ್ಲದ ಕೆಲವು ಕೋಶಗಳೂ ಸಿಕ್ಕವು. ಅವು ಸುನಂದಾಳವು. ಸಂಕೇತ ಮಾಸು ದಾಟದಿದ್ದರೂ ಸಂಕೇತ ಕಲಿತ ಕೋಶಗಳು ಒಂದೊಂದಾಗಿ ದಾಟಿದ್ದವು. ತಾಯಿಯ ಕೆಲವು ಕೋಶಗಳು ಮಗುವಿಗೆ ಹೋಗುತ್ತವೆಂಬುದು ವೈದ್ಯರಿಗೆ ಹಳೆಯ ಸಂಗತಿಯೇ, ಲೆಕ್ಕಕ್ಕೆ ಬರದಷ್ಟು ಕಡಿಮೆಯೆಂದು ಕಟ್ಟಿಯವರು ಬಿಟ್ಟಿದ್ದರು. ಇನ್ನು ಎದೆಹಾಲನ್ನು ಅವರು ನೋಡಿರಲೇ ಇಲ್ಲ. ಹಾಲಿನ ಒಂದೊಂದು ಚಮಚದಲ್ಲೂ ಸಾವಿರಗಟ್ಟಲೆ ಜೀವಂತ ಕೋಶಗಳಿರುತ್ತವೆ. ದಿನಕ್ಕೆ ಎಂಟು ಹತ್ತು ಸಲ, ಸುನಂದಾ ತನಗೆ ಗೊತ್ತಿಲ್ಲದೆ ಮಗುವಿಗೆ ಸಮಾಧಾನದ ಪಾಠ ಕುಡಿಸುತ್ತಿದ್ದಳು.

ಅದನ್ನು ಹೇಳಲು ಅವರು ಆಸ್ಪತ್ರೆಯ ಕೋಣೆಗೆ ತಾವೇ ಬಂದರು, ಬಾಳವ್ವನನ್ನೂ ಕರೆತಂದರು. ಕಸ್ತೂರೆವ್ವ ಎದ್ದು ಬಾಳವ್ವನಿಗೆ ತಾನು ಕೂತಿದ್ದ ಕುರ್ಚಿ ಬಿಟ್ಟುಕೊಟ್ಟಳು.

"ಹೊಕ್ಕಳಾ ಬೀಳಬೇಕಂದ್ರ ಬಿಳಿರಕ್ತಕಣ ಬಂದು ಬುಡಾ ಬಿಡಿಸಬೇಕು, ಭಕ್ಷಕ ಕೋಶ ಬಂದು ಬಾಯಿ ಮುಚ್ಚಬೇಕು," ಎಂದರು ಕಟ್ಟಿ. "ಹೊಕ್ಕಳಾ ಅನ್ನೋದೂ ಒಂದು ಕಲೆನ ನೋಡ್ರಿ. ಮನುಷ್ಯಾಗ ಆಗೋ ಮೊದಲನೇ ಕಲೆ. ಹದಿನೈದು ವರ್ಷ ಕಲೆ ಬಗ್ಗೆನ ಓದೇನಿ, ಇದು ನನ್ನ ತಲ್ಯಾಗ ಬರಲಿಲ್ಲ. ತಪ್ಪು ನಂದು."

ಸುನಂದಾ ಮಗುವನ್ನು ಎದೆಗವಚಿಕೊಂಡೇ ಕೇಳಿದಳು. "ಈಗ ಏನ ಮಾಡಬೇಕ್ರೀ?"

"ಹಾಲು ನಿಲ್ಲಸಬೇಕು. ನಿಮ್ಮದು. ಆಸ್ಪತ್ರಿ ಹಾಲುಬ್ಯಾಂಕಿನಾಗ ಬ್ಯಾರೆ ತಾಯಂದಿರದು ಸಿಗತದ. ಕೂಸಿನ ಸ್ವಂತ ಕೋಶಗಳು ಒಂದೆರಡು ವಾರದಾಗ ಎಚ್ಚರಾಗತಾವ ಅಂತ ನನ್ನ ನಂಬಿಕಿ."

"ಆಮ್ಯಾಲೆ ನಾ ಕೊಡಬಹುದಲ್ಲ?"

ಡಾಕ್ಟರರು ಕನ್ನಡಕ ತೆಗೆದು ಒರೆಸಿದರು. "ನಿಮ್ಮ ಕೋಶಗಳು ಕಲಿತದ್ದನ್ನ ಮರೀಬೇಕು. ಪಟ್ಟಿ ಬಿಚ್ಚಿದ ಮೂರು ವಾರಕ್ಕ ಮರೀತಾವ ಅಂದುಕೊಂಡಿದ್ದೆ. ಎರಡು ತಿಂಗಳಾಗ್ಲಿಕ್ಕೆ ಬಂತು, ಮರೆತಿಲ್ಲ. ಎಂದ ಮರೀತಾವ ಅಂತ ನನಗ ಗೊತ್ತಿಲ್ಲ. ಸುಳ್ಳು ಹೇಳೂದಿಲ್ಲ."

"ಮರೆತಾವೋ ಇಲ್ಲೋ, ಹೆಂಗ ಗೊತ್ತಾಗಬೇಕು?"

"ಮುಂಗೈ ಮ್ಯಾಲೆ ಒಂದು ಸಣ್ಣ ಗೀರು ಹಾಕತೇವಿ. ಮೂರು ವಾರ ಬಿಟ್ಟು ನೋಡೂದು. ಕಲೆ ಉಳದ್ರ ಕೋಶಗಳು ಮೊದಲಿನಂಗ ಆಗ್ಯಾವ ಅಂತ. ಉಳೀಲಿಲ್ಲ ಅಂದ್ರ ಮತ್ತ ಕಾಯೂದು."

ಸುನಂದಾ ತನ್ನ ಬಲಗೈಯನ್ನು ಮಗುವಿನ ಬೆನ್ನಿನಿಂದ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು. ಆ ಕೈಯನ್ನು ಅವಳು ಆಮೇಲೆ ಬಹಳ ದಿನ ಯಾರಿಗೂ ತೋರಿಸಲಿಲ್ಲ.

ಮೊದಲ ಗೀರು ಎಡ ಮುಂಗೈಗೆ ಅಲ್ಲೇ ಹಾಕಿದರು, ಅಕ್ಕಿಕಾಳಿನಷ್ಟುದ್ದ.

ಮಗುವಿನ ಮಟ್ಟಿಗೆ ಡಾಕ್ಟರರ ನಂಬಿಕೆ ನಿಜವಾಯಿತು. ವಾರದೊಳಗೆ ಜ್ವರ ಇಳಿದು ಮಗು ಮನೆಗೆ ಬಂತು. ಹೊರಗಿನ ಹಾಲು ಶುರುವಾದ ಒಂಬತ್ತನೆಯ ದಿನ ಹೊಕ್ಕುಳ ಬುಡದಲ್ಲಿ ಮೊದಲ ಬಾರಿಗೆ ಹಳದಿ ಹನಿಯೊಂದು ಕಂಡಿತು. ಬಾಳವ್ವ ಅದನ್ನು ಹತ್ತಿಯಲ್ಲಿ ಒರೆಸಿ ಬೆಳಕಿಗೆ ಹಿಡಿದು ನೋಡಿದಳು. ಕೀವು ನೋಡಿ ಅವಳಿಗೆ ಅಷ್ಟು ಸಂತೋಷವಾದದ್ದು ಹಿಂದೆಂದೂ ಇಲ್ಲ. ಮಗು ಹುಟ್ಟಿದ ಮೂವತ್ತಮೂರನೆಯ ದಿನ ಬಟ್ಟೆ ಬಿಚ್ಚುವಾಗ ತುಂಡು ತಾನಾಗಿ ಅವಳ ಅಂಗೈಗೆ ಉದುರಿತು. ಅಂದೇ ಅವಳು ಕಾಲು ಚಾಚಿ ಕೂತು ಆ ಮಗುವಿಗೆ ಮೊದಲ ನೀರು ಎರೆದಳು. ವಾರದಲ್ಲಿ ತೊಟ್ಟಿಲ ಕಾರ್ಯವಾಯಿತು, ಇಂದುಧರೆ ಎಂದು ಹೆಸರಿಟ್ಟರು. ಕಟ್ಟಿಯವರ ಕೇಂದ್ರದಲ್ಲಿ ಬಸುರಿಯರಿಗೆ ಪಟ್ಟಿ ಕಟ್ಟುವುದು ನಿಂತಿತು. ನೂರಹದಿನಾಲ್ಕು ಪ್ರಶ್ನೆಗಳಿದ್ದ ಅವರ ಅರ್ಜಿ ನಮೂನೆಗೆ ನೂರಹದಿನೈದನೆಯದೊಂದು ಸೇರಿತು: ಮಗುವಿನ ಹೊಕ್ಕುಳು ಬಿದ್ದ ದಿನ.

ಉಳಿದದ್ದು ಸುನಂದಾಳ ಪಾಡು.

ಹಾಲು ಬತ್ತಬಾರದೆಂದರೆ ಮೂರು ತಾಸಿಗೊಮ್ಮೆ ಹಿಂಡಿ ತೆಗೆಯಬೇಕು. ಹಾಗೆ ಹಿಂಡಿದ್ದನ್ನು ಜನ ತುಳಿಯುವ ಕಡೆ ಚೆಲ್ಲಬಾರದೆಂದು ಕಸ್ತೂರೆವ್ವ ಹಿತ್ತಲಿನ ನುಗ್ಗೆಗಿಡದ ಬುಡಕ್ಕೆ ಸುರಿಯುತ್ತಿದ್ದಳು. ಒಳಗೆ ಅದೇ ಹೊತ್ತಿಗೆ ಬಾಳವ್ವನೋ ಮತ್ಯಾರೋ ಒಳಲೆಯಲ್ಲಿ ಮಗುವಿಗೆ ಬೇರೆಯವರ ಹಾಲು ಕುಡಿಸುತ್ತಿದ್ದರು. ಸುನಂದಾ ಕುಡಿಸಲು ಕೂತರೆ ಮಗು ಒಳಲೆ ಬಿಟ್ಟು ಅವಳ ಎದೆಯ ಕಡೆ ಮುಖ ತಿರುಗಿಸಿ ಮೂಗಿನಿಂದ ಹುಡುಕುತ್ತಿತ್ತು, ಸಿಗದೆ ಅಳುತ್ತಿತ್ತು. ಅದನ್ನು ಎರಡು ಸಲ ನೋಡಿದ ಮೇಲೆ ಹಾಲು ಕುಡಿಸುವ ಹೊತ್ತಿಗೆ ಅವಳು ಎದ್ದು ಹೊರಗೆ ಹೋಗತೊಡಗಿದಳು. ಅಳು ಕೇಳಿದರೆ ಸಾಕು, ಕುಬಸ ತೊಯ್ದುಹೋಗುತ್ತಿತ್ತು.

ಮೂರು ವಾರಕ್ಕೆ ಮೊದಲ ಗೀರು ಎಲ್ಲಿತ್ತೆಂದು ಹುಡುಕಬೇಕಾಯಿತು. ಡಾಕ್ಟರರು ಭೂತಗನ್ನಡಿ ಹಿಡಿದು ನೋಡಿ ತಲೆಯಾಡಿಸಿ, ಎರಡನೆಯದನ್ನು ಹಾಕಿದರು. ಅದೂ ಹಾಗೆಯೇ ಮಾಯವಾಯಿತು. ಊರಲ್ಲಿ ಬೇರೆಲ್ಲರೂ ಅಂಥ ಚರ್ಮಕ್ಕಾಗಿ ಕೇಂದ್ರದ ಮುಂದೆ ಸಾಲು ನಿಂತಿದ್ದ ಕಾಲವದು.

ಒಂದು ಬೆಳಗ್ಗೆ ಎರೆದು ಮುಗಿಸಿ ಮಗುವನ್ನು ಸುನಂದಾಳ ಕೈಗೆ ಕೊಡುವಾಗ ಬಾಳವ್ವನಿಗೆ ಅವಳ ಎಡ ಮುಂಗೈ ಮೇಲೆ ಸಾಲಾಗಿ ಏಳೆಂಟು ಕೆಂಪು ಚುಕ್ಕೆ ಕಂಡವು. ಕಸೂತಿ ಹಾಕಿದ ಹಾಗೆ, ಒಂದೇ ಅಂತರದಲ್ಲಿ.

"ಇದೇನಿದು?"

"ಸೂಜಿಲೆ ಚುಚ್ಚಿಕೊಂಡೇನಿ ಆಯಿ," ಎಂದಳು ಸುನಂದಾ, ಮುಚ್ಚಿಡಲಿಲ್ಲ. "ದಿನಾ ಚುಚ್ಚಿಕೊಳ್ಳತೇನಿ. ಒಂದಾದರೂ ಉಳೀತೈತೇನೋ ಅಂತ ನೋಡತೇನಿ. ಉಳೀವಲ್ದು. ಈ ಕೈ ಕಂಡರ ನನಗ ಸಿಟ್ಟ ಬರತೈತಿ."

"ಕೈ ಏನ ಮಾಡೇತವಾ ನಿನಗ?"

"ಕೈ ಸಲುವಾಗಿನ ಅಲ್ಲಾ ಇಷ್ಟೆಲ್ಲಾ ಆಗಿದ್ದು. ಸೊಟ್ಟ ಆದ್ರ ಆಗಲಿ ಅಂತ ಬಿಟ್ಟಿದ್ದರ ನನ್ನ ಕೂಸಿಗೆ ನಾ ಹಾಲು ಕೊಡತಿದ್ದೆ."

ಬಾಳವ್ವ ಮಗುವನ್ನು ತಿರುಗಿ ತನ್ನ ತೊಡೆಗೆ ಹಾಕಿಕೊಂಡು ಅವಳ ಪಕ್ಕ ಕೂತಳು. "ಬೇಕಂತ ಮಾಡಿದ್ದಲ್ಲ ಇದು," ಎಂದಳು. "ಕೈ ನೆಟ್ಟಗಿರಲಿ ಅನ್ನೂದು ತಪ್ಪೇನಲ್ಲ. ಕೂಸಿಗೆ ಅನ್ನಾ ಹಾಕೂದೂ ಆ ಕೈಯಿಂದನ. ಸೂಜಿ ಕೊಡು ಇಲ್ಲಿ." ಸುನಂದಾ ಸೂಜಿ ಕೊಟ್ಟಳು. ಬಾಳವ್ವ ಅದನ್ನು ತನ್ನ ಸೆರಗಿನ ಅಂಚಿಗೆ ಸಿಗಿಸಿಕೊಂಡಳು. ಆಮೇಲೆ ಸುನಂದಾ ಬಹಳ ಹೊತ್ತು ಅತ್ತಳು. ಮಗು ಇಬ್ಬರ ಮುಖವನ್ನೂ ನೋಡುತ್ತ ಕೈ ಬಾಯಿಗೆ ಹಾಕಿಕೊಂಡು ಮಲಗಿತ್ತು.

ಮೂರನೆಯ ಗೀರು ಹಾಕಿದಾಗ ಮಗುವಿಗೆ ಎರಡು ತಿಂಗಳು ದಾಟಿತ್ತು. ಇದಾದ ಮೇಲೆ ಹಾಲು ಉಳಿಯುವುದು ಕಷ್ಟ ಎಂದು ಆಸ್ಪತ್ರೆಯವರು ಹೇಳಿದ್ದರು. ಮೊದಲು ಬಟ್ಟಲು ತುಂಬುತ್ತಿದ್ದದ್ದು ಈಗ ಅರ್ಧಕ್ಕೆ ಇಳಿದಿತ್ತು. ಮಗುವೂ ಒಳಲೆಗೆ ಒಗ್ಗಿಕೊಂಡು ಎದೆಯ ಕಡೆ ತಿರುಗುವುದನ್ನು ಬಿಟ್ಟಿತ್ತು. ಮೊದಲು ತಿರುಗುತ್ತದೆಂದು ಎದ್ದುಹೋಗುತ್ತಿದ್ದ ಸುನಂದಾ ಈಗ ತಿರುಗುವುದಿಲ್ಲವೆಂದು ಎದ್ದುಹೋಗುತ್ತಿದ್ದಳು.

ಇಪ್ಪತ್ತೊಂದನೆಯ ದಿನ ಅವಳು ಬಾಳವ್ವನಿಗಾಗಿ ಹೊಸ್ತಿಲಲ್ಲೇ ಕಾಯುತ್ತಿದ್ದಳು. ಬಂದ ಕೂಡಲೇ ಮುಂಗೈ ಮುಂದೆ ಚಾಚಿದಳು.

"ನೋಡು ಆಯಿ. ನನಗ ನೋಡಾಕ ಧೈರ್ಯ ಸಾಲವಲ್ದು."

ಬಾಳವ್ವನ ಕಣ್ಣು ಅಷ್ಟು ಸೂಕ್ಷ್ಮ ಉಳಿದಿರಲಿಲ್ಲ. ಬಿಸಿಲಿಗೆ ತಿರುಗಿಸಿದರೂ ಏನೂ ಕಾಣಲಿಲ್ಲ. ಅವಳು ಹೆಬ್ಬೆರಳನ್ನು ಆ ಚರ್ಮದ ಮೇಲೆ ಮೆಲ್ಲಗೆ ಆಡಿಸಿದಳು, ಹಸುಗೂಸಿನ ನೆತ್ತಿ ಮುಟ್ಟಿ ನೋಡುವಷ್ಟು ಹಗುರವಾಗಿ. ಒಮ್ಮೆ ಹೋಯಿತು, ಏನಿಲ್ಲ. ತಿರುಗಿ ಬರುವಾಗ ಬೆರಳು ಎಲ್ಲೋ ಒಂದು ಕಡೆ ತಡೆಯಿತು. ನೂಲಿನೆಳೆಯಷ್ಟು ಏರು. ಇನ್ನೊಮ್ಮೆ ಆಡಿಸಿದಳು. ಅಲ್ಲೇ ತಡೆಯಿತು.

"ಐತವಾ," ಎಂದಳು.

"ಖರೇನ ಹೇಳು."

"ಐತಿ. ಕೈಗೆ ಹತ್ತತೈತಿ."

ಫೋನಿನಲ್ಲಿ ಚಿತ್ರ ತೆಗೆದು ಕಳಿಸಿದರು. ಹತ್ತು ನಿಮಿಷಕ್ಕೆ ಕಟ್ಟಿಯವರೇ ಫೋನು ಮಾಡಿದರು. ನಿನ್ನೆ ಕಳಿಸಿದ್ದ ರಕ್ತ, ಹಾಲು ಎರಡರ ಪರೀಕ್ಷೆಯೂ ಅದನ್ನೇ ಹೇಳಿವೆ, ಕೋಶಗಳು ಮೊದಲಿನಂತಾಗಿವೆ, ಇವತ್ತಿನಿಂದಲೇ ಹಾಲು ಕೊಡಬಹುದು ಎಂದರು. ಸುನಂದಾ ಫೋನನ್ನು ಚಾಪೆಯ ಮೇಲಿಟ್ಟು ಗೋಡೆಗೊರಗಿ ಕೂತಳು. ಬಾಳವ್ವ ಮಗುವನ್ನು ತಂದು ಅವಳ ಮಡಿಲಿಗಿಟ್ಟಳು.

ಮಗುವಿಗೆ ಮರೆತುಹೋಗಿತ್ತು. ಬಾಯಿಗೆ ಕೊಟ್ಟರೆ ತುಟಿ ಮುಚ್ಚಿಕೊಂಡು ಮುಖ ಆಚೆ ತಿರುಗಿಸಿತು. ಒಳಲೆ ಇಟ್ಟಿದ್ದ ಗೂಡಿನ ಕಡೆ ನೋಡಿ ಅತ್ತಿತು. ಸುನಂದಾ ಕಂಗಾಲಾಗಿ ಬಾಳವ್ವನನ್ನು ನೋಡಿದಳು. ಬಾಳವ್ವ ಒಳಲೆ ತಂದು, ಅದರಿಂದ ಎರಡು ಹನಿ ಅವಳ ಎದೆಯ ಮೇಲೆ ಬಿಟ್ಟು, ಮಗುವಿನ ಗದ್ದವನ್ನು ಬೆರಳಿನಿಂದ ಕೆಳಗೊತ್ತಿದಳು. ಮಗು ನೆಕ್ಕಿತು. ಅಳು ನಿಲ್ಲಿಸಿ ಇನ್ನೊಮ್ಮೆ ನೆಕ್ಕಿತು. ಮೂರನೆಯ ಸಲಕ್ಕೆ ಕಚ್ಚಿಕೊಂಡಿತು. ಅದು ಗುಟುಕರಿಸುವ ಸದ್ದು ಕೋಣೆಯಲ್ಲಿ ಕೇಳಿಸಿತು.

"ಹಲೋ, ಏನಾತ್ರೀ?" ಎಂದಿತು ಚಾಪೆಯ ಮೇಲಿನ ಫೋನು.

"ಕುಡ್ಯಾಕ ಹತ್ತೇತ್ರಿ," ಎಂದಳು ಸುನಂದಾ. ಅವಳ ಬಲಗೈ ಮಗುವಿನ ತಲೆಯ ಕೆಳಗಿತ್ತು. ಎಡ ಮುಂಗೈಯನ್ನು ಮುಖದ ಹತ್ತಿರ ತಂದುಕೊಂಡು ಆ ಸಣ್ಣ ಗೆರೆಯನ್ನು ಹುಡುಕುತ್ತ ಕೇಳಿದಳು, "ಡಾಕ್ಟ್ರ, ಈ ಕಲೆ ಮುಂದೆಂದರ ಹೋಗತೈತೇನ್ರಿ?"

ಇದೇ ಪ್ರಶ್ನೆಯನ್ನು ಡಾಕ್ಟರ್ ಕಟ್ಟಿಯವರಿಗೆ ಸಾವಿರಾರು ಜನ ಕೇಳಿದ್ದರು. ಹೋಗುತ್ತದೆ ಎಂದು ಹೇಳಲೆಂದೇ ಅವರು ಹದಿನೈದು ವರ್ಷ ದುಡಿದಿದ್ದರು.

"ಇಲ್ಲವಾ," ಎಂದರು. "ಹೋಗೂದಿಲ್ಲ. ಕಡೀತನಕ ಇರತದ."

"ಇನ್ನೊಮ್ಮೆ ಹೇಳ್ರಿ," ಎಂದಳು ಸುನಂದಾ.